ಹಗ್ಗ ಎಳೆಯೋಕೆ ಮುಂಚೆ: ಹಳೇ ಔಟ್‌ಬೋರ್ಡ್ ಮೋಟಾರು, ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೇ ಔಟ್‌ಬೋರ್ಡ್ (ಬೋಟಿನ ಹಿಂದೆ ಬಿಗಿಯೋ ಮೋಟಾರು) ಬಗ್ಗೇನೇ, ಅದೂ ಹಗ್ಗ ಎಳೆದು ಸ್ಟಾರ್ಟ್ ಮಾಡೋ ಸಣ್ಣ ಟೂ ಸ್ಟ್ರೋಕ್ ಮೋಟಾರುಗಳು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ. ಹೆಚ್ಚೂಕಮ್ಮಿ ಎಲ್ಲರೂ ಮಾಡ್ತಿರೋದು ಒಂದೇ, ಮೊದಲು ಪಾರ್ಟ್ ತರಿಸಿಬಿಡ್ತೀರಿ, ಆಮೇಲೆ ರೋಗ ಏನು ಅಂತ ಹುಡುಕ್ತೀರಿ. ಉಲ್ಟಾ ಮಾಡಿ, ದುಡ್ಡು ಉಳಿಯುತ್ತೆ.

ಪ್ರಶ್ನೆ: ಎಂಟು ಹತ್ತು ವರ್ಷದಿಂದ ಶೆಡ್ಡಲ್ಲಿ ಬಿದ್ದಿದ್ದ ಎರಡು ಸಿಲಿಂಡರ್ ಮೋಟಾರು ಸಿಕ್ಕಿದೆ. ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆದು ನೋಡ್ಲಾ?

ಉತ್ತರ: ಬೇಡ. ಹಗ್ಗ ಮುಟ್ಟಲೇಬೇಡಿ ಇನ್ನೂ. ಅಷ್ಟು ವರ್ಷ ಕೂತಿರೋ ಮೋಟಾರಲ್ಲಿ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿರಬಹುದು, ಕೆಳಗಡೆ ನೀರಿನ ಪಂಪಿನ ರಬ್ಬರ್ ಒಣಗಿ ಅಂಟಿಕೊಂಡಿರಬಹುದು, ನೀವು ಜೋರಾಗಿ ಎಳೆದ ತಕ್ಷಣ ಒಂದೋ ರಿಂಗ್ ಮುರಿಯುತ್ತೆ ಇಲ್ಲಾ ರಬ್ಬರ್ ಹರಿಯುತ್ತೆ. ಪ್ಲಗ್ ಎರಡೂ ಬಿಚ್ಚಿ, ತೂತಲ್ಲಿ ಸ್ವಲ್ಪ ಟೂ ಸ್ಟ್ರೋಕ್ ಆಯಿಲ್ ಬಿಡಿ, ಒಂದು ರಾತ್ರಿ ಹಾಗೇ ಬಿಡಿ. ಮಾರನೇ ದಿನ ಮೇಲಿನ ಫ್ಲೈವೀಲ್ (ಭಾರದ ಚಕ್ರ) ಹಿಡಿದು ಕೈಯಲ್ಲೇ ನಿಧಾನವಾಗಿ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ತಿರುಗಿಸಿ. ತಿರುಗಲಿಲ್ಲ ಅಂದ್ರೆ ಇನ್ನೂ ಆಯಿಲ್, ಇನ್ನೂ ಒಂದೆರಡು ದಿನ. ಸುತ್ತಿಗೆ, ಉದ್ದ ಪೈಪು ಇವೆಲ್ಲ ದೂರ ಇಡಿ.

ಆರಾಮಾಗಿ ತಿರುಗಿತಾ, ಈಗ ಕಂಪ್ರೆಶನ್, ಅಂದ್ರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಬರುತ್ತೆ, ನೋಡಿ. ಪ್ಲಗ್ ಎಲ್ಲಾ ಬಿಚ್ಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಪ್ಲಗ್ ವೈರ್‌ಗಳನ್ನ ಇಂಜಿನ್ ಬಾಡಿಗೆ ಅರ್ಥ್ ಮಾಡಿರಬೇಕು, ಯಾಕಂದ್ರೆ ತೆರೆದ ತೂತಿನಿಂದ ಪೆಟ್ರೋಲ್ ಆವಿ ಬರ್ತಿರುತ್ತೆ, ಪಕ್ಕದಲ್ಲೇ ಕಿಡಿ ಹಾರೋದು ಬೇಡ. ಗೇಜ್ ಹಾಕಿ, ಮುಳ್ಳು ಮೇಲೇರೋದು ನಿಲ್ಲೋವರೆಗೂ ನಾಲ್ಕೈದು ಸಲ ಎಳೀರಿ. ಎಷ್ಟು ಬಂತು ಅನ್ನೋದಕ್ಕಿಂತ ಎರಡೂ ಸಿಲಿಂಡರ್ ಹತ್ತಿರ ಹತ್ತಿರ ಇದೆಯಾ ಅನ್ನೋದು ಮುಖ್ಯ. 1950ರ ದಶಕದ ಸಣ್ಣ ಇಂಜಿನ್‌ಗಳು 60-70 ಪಿಎಸ್‌ಐನಲ್ಲೂ ಚೆನ್ನಾಗೇ ಓಡ್ತವೆ, ಆಮೇಲಿನವು 100ರ ಮೇಲೆ ತೋರಿಸೋದು ಸಾಮಾನ್ಯ. ಆದ್ರೆ ಒಂದು 100, ಇನ್ನೊಂದು 60 ಬಂದ್ರೆ ಅಲ್ಲಿಗೆ ನಿಲ್ಲಿಸಿ, ಹೆಡ್ ಬಿಚ್ಚಿ ನೋಡೋವರೆಗೂ ಕಾರ್ಬ್ಯುರೇಟರ್‌ಗೆ ಕಿಟ್ ತರಿಸೋದ್ರಲ್ಲಿ ಅರ್ಥ ಇಲ್ಲ.

ಪ್ರಶ್ನೆ: ಕಂಪ್ರೆಶನ್ ಚೆನ್ನಾಗಿದೆ, ಕಿಡಿ ಮಾತ್ರ ಬರ್ತಿಲ್ಲ. ಕಾಯಿಲ್ ಬದಲಾಯಿಸಬೇಕಾ?

ಉತ್ತರ: ಮೊದಲು ಸ್ಟಾಪ್ ಸ್ವಿಚ್ ವೈರ್ ಕಳಚಿ ನೋಡಿ. ನಗಬೇಡಿ, ಎಷ್ಟೋ ಸಲ ಆ ವೈರ್ ಎಲ್ಲೋ ಸುಲಿದು ಬಾಡಿಗೆ ತಾಗ್ತಿರುತ್ತೆ ಅಷ್ಟೇ. ಹಾಗೇ ಕಿಡಿ ನೋಡೋದಂದ್ರೆ ಪ್ಲಗ್ ಹೊರಗಿಟ್ಟು ಸಣ್ಣಗೆ ಮಿಣುಕಿತು ಅನ್ನೋದಲ್ಲ, ಟೆಸ್ಟರ್‌ನಲ್ಲಿ ಸುಮಾರು 6 ಮಿ.ಮೀ. ಗ್ಯಾಪ್ ಇಟ್ರೂ ನೀಲಿ ಕಿಡಿ ಟಪ್ ಅಂತ ಹಾರಬೇಕು.

ವೈರ್ ಸರಿ ಇದ್ದೂ ಅಂಥ ಕಿಡಿ ಬರ್ತಿಲ್ಲ ಅಂದ್ರೆ ಫ್ಲೈವೀಲ್ ಕೆಳಗೆ ಹೋಗ್ಬೇಕು. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯೋ ಸಣ್ಣ ಸ್ವಿಚ್) ಇರೋ ಹಳೇ ಮೋಟಾರಲ್ಲಿ ವರ್ಷಗಟ್ಟಲೆ ಓಡಿಸದೇ ಇದ್ರೆ ಪಾಯಿಂಟ್ ಮುಖದ ಮೇಲೆ ಕಣ್ಣಿಗೂ ಸರಿಯಾಗಿ ಕಾಣದ ತೆಳು ಪದರ ಕೂರುತ್ತೆ, ಕಿಡಿ ಕೊಲ್ಲೋಕೆ ಅಷ್ಟು ಸಾಕು. ಫ್ಲೈವೀಲ್ ತೆಗೆಯೋಕೆ ಮಧ್ಯದಲ್ಲಿರೋ ಮೂರು ತೂತಿಗೆ ಬೋಲ್ಟ್ ಹಾಕಿ ಎಳೆಯೋ ಪುಲ್ಲರ್ ಬೇಕು, ಅಂಚಿಗೆ ಕೊಕ್ಕೆ ಹಾಕೋ ಪುಲ್ಲರ್ ಹಾಕಿದ್ರೆ ಫ್ಲೈವೀಲೇ ಸೊಟ್ಟಗಾಗುತ್ತೆ. ಪಾಯಿಂಟನ್ನ ನುಣುಪು ಕಾಗದದಲ್ಲಿ ಹಗುರವಾಗಿ ಉಜ್ಜಿ, ಆಮೇಲೆ ಕ್ಲೀನರ್ ಹಚ್ಚಿದ ಬಿಳೀ ರಟ್ಟಿನ ತುಂಡು ನಡುವೆ ಎಳೆದು ಒರೆಸಿ. ರಟ್ಟು ಕಪ್ಪಾಗದೇ ಬರೋವರೆಗೂ. ಗ್ಯಾಪ್ ಹಳೇ ಜಾನ್ಸನ್, ಎವಿನ್‌ರೂಡ್ ಮ್ಯಾಗ್ನೆಟೊಗಳಲ್ಲಿ (ಬ್ಯಾಟರಿ ಇಲ್ಲದೇ ಕಿಡಿ ಕೊಡೋ ವ್ಯವಸ್ಥೆ) ಬಹುತೇಕ 0.020 ಇಂಚು, ಅಂದ್ರೆ ಅರ್ಧ ಮಿ.ಮೀ. ಅಂದಾಜು. ಬೇರೆ ಮೇಕ್ ಆದ್ರೆ ಅದರ ಪುಸ್ತಕ ನೋಡಿ. ಅಲ್ಲೇ ಇರೋ ಕಾಯಿಲ್‌ಗಳ ಪ್ಲಾಸ್ಟಿಕ್ ಹೊದಿಕೆ ಬಿರುಕು ಬಿಟ್ಟಿದ್ರೆ ಆಗ ಕಾಯಿಲ್ ಬದಲಾಯಿಸಿ, ಬಿರುಕು ಬಿಟ್ಟ ಕಾಯಿಲ್ ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಯಾದ್ಮೇಲೆ ಕೈಕೊಡುತ್ತೆ, ಅದರ ಹಿಂದೆ ಬಿದ್ರೆ ಒಂದು ಸೀಸನ್ ಹೋಗುತ್ತೆ.

ಫ್ಲೈವೀಲ್ ವಾಪಸ್ ಕೂರಿಸುವಾಗ ಶಾಫ್ಟಿನ ಟೇಪರ್ ಭಾಗ ಒಣಗಿರಬೇಕು. ಗ್ರೀಸ್ ಹಚ್ಚಬೇಡಿ. ಅರ್ಧಚಂದ್ರದ ಕೀ ಸ್ವಲ್ಪ ಜಜ್ಜಿದ್ರೂ ಹೊಸದು ಹಾಕಿ, ಅದು ಸರಿದ್ರೆ ಟೈಮಿಂಗ್ ಸರಿಯುತ್ತೆ. ನಟ್ಟನ್ನ ಟಾರ್ಕ್ ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿ, ಅಂದಾಜಲ್ಲಿ ಅಲ್ಲ.

ಪ್ರಶ್ನೆ: ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸ್ಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಉತ್ತರ: ಒಬ್ಬೊಬ್ಬರು ಹೇಳೋದೂ ನಿಜ, ಅವರವರ ಮೋಟಾರಿಗೆ. ಜಾನ್ಸನ್, ಎವಿನ್‌ರೂಡ್‌ಗಳಲ್ಲಿ 1964ರ ಆಸುಪಾಸಿನಿಂದ ಈಚೆಗಿನವು ಹೆಚ್ಚಿನವು 50:1, ಅಂದ್ರೆ ಲೀಟರಿಗೆ 20 ಮಿ.ಲೀ. ಅದಕ್ಕೂ ಹಳೇವು 24:1, ಲೀಟರಿಗೆ 42 ಮಿ.ಲೀ. ಹತ್ತಿರ. ಬ್ರಿಟಿಷ್ ಸೀಗಲ್‌ನ ಹಳೇ ಮಾಡೆಲ್‌ಗಳಂತೂ 10:1, ಲೀಟರಿಗೆ 100 ಮಿ.ಲೀ., ಹೋದ ದಾರಿಯುದ್ದಕ್ಕೂ ನೀಲಿ ಹೊಗೆ. ಕಾರಣ ಬೇರಿಂಗು. ಹಳೇವುಗಳಲ್ಲಿ ಬರೀ ಬುಷ್ (ಲೋಹದ ಬಳೆ) ಇರುತ್ತೆ, ಅದಕ್ಕೆ ಹೆಚ್ಚು ಆಯಿಲ್ ಬೇಕು. ಸೂಜಿ ರೋಲರ್ ಬೇರಿಂಗ್ ಬಂದ್ಮೇಲೆ ಕಡಿಮೆ ಸಾಕಾಯ್ತು. ಇವತ್ತಿನ ಆಯಿಲ್ ಒಳ್ಳೇದು ಅಂತ ಬುಷ್ ಇರೋ ಮೋಟಾರಿಗೆ 50:1 ಹಾಕಿದ್ರೆ ಆಯಿಲ್ ಗುಣದಿಂದ ಬುಷ್ ಉಳಿಯಲ್ಲ, ಪ್ರಮಾಣ ಬೇಕು. ನಿಮ್ಮದು ಯಾವುದು ಅಂತ ಖಾತ್ರಿ ಇಲ್ದೇ ಇದ್ರೆ ಜಾಸ್ತಿ ಕಡೆಗೇ ಹೋಗಿ, ಪ್ಲಗ್ ಬೇಗ ಕಪ್ಪಾಗುತ್ತೆ, ಒರೆಸಿಕೊಂಡ್ರಾಯ್ತು.

ಆಯಿಲ್ ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು, ಅದು ನೀರಲ್ಲಿ ತಣ್ಣಗಾಗೋ ಟೂ ಸ್ಟ್ರೋಕ್‌ಗಳಿಗೆ ಮಾಡಿದ್ದು, ಉರಿದ್ರೆ ಬೂದಿ ಕೂರಲ್ಲ. ಬೈಕಿನ 2ಟಿ ಆಯಿಲ್ ಗಾಳಿಯಲ್ಲಿ ತಣ್ಣಗಾಗೋ ಇಂಜಿನ್ನಿಗೆ. ತುರ್ತಲ್ಲಿ ದಡ ಸೇರೋಕೆ ಸರಿ, ದಿನಾ ಬೇಡ.

ಪ್ರಶ್ನೆ: ಸ್ಟಾರ್ಟ್ ಆಗುತ್ತೆ, ಐದು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಉಸಿರು ಕಟ್ಟಿದಂಗೆ ನಿಂತುಹೋಗುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟ್.

ಉತ್ತರ: ಟ್ಯಾಂಕ್ ಮುಚ್ಚಳದ ಮೇಲೆ ಗಾಳಿ ಸ್ಕ್ರೂ ಇದೆಯಲ್ಲ, ಅದು ತೆಗೆದಿದೀರಾ? ಮುಚ್ಚಿದ್ರೆ ಒಳಗೆ ನಿರ್ವಾತ ಆಗಿ ಪೆಟ್ರೋಲ್ ಬರೋದು ನಿಲ್ಲುತ್ತೆ, ಲಕ್ಷಣ ನೀವು ಬರೆದಿರೋದೇ.

ತೆಗೆದೇ ಇದೆ ಅಂದ್ರೆ, ನಿಲ್ಲೋಕೆ ಶುರುವಾದಾಗ ಪೈಪ್ ಮಧ್ಯದ ರಬ್ಬರ್ ಬಲ್ಬ್ ನೋಡಿ, ಎಲ್ಲಾ ಅದೇ ಹೇಳುತ್ತೆ. ಬಲ್ಬ್ ಒಳಗೆ ಸೆಳೆದುಕೊಂಡು ಚಪ್ಪಟೆ ಆಗಿದ್ರೆ ಟ್ಯಾಂಕ್ ಕಡೆ ಏನೋ ಕಟ್ಟಿಕೊಂಡಿದೆ, ಒಳಗಿನ ಜಾಲರಿ ನೋಡಿ. ಬಲ್ಬ್ ಒತ್ತಿದ ಕೂಡ್ಲೇ ಇಂಜಿನ್ ಚೇತರಿಸಿಕೊಂಡ್ರೆ ಫ್ಯೂಯೆಲ್ ಪಂಪಿನ ಡಯಾಫ್ರಮ್ ಸೋತಿದೆ ಇಲ್ಲಾ ಎಲ್ಲೋ ಗಾಳಿ ಎಳೀತಿದೆ, ಸಾಮಾನ್ಯವಾಗಿ ಪೈಪ್ ತುದಿಯ ಕನೆಕ್ಟರ್ ಒಳಗಿನ ಓ ರಿಂಗ್. ಎಷ್ಟು ಒತ್ತಿದ್ರೂ ಬಲ್ಬ್ ಗಟ್ಟಿ ಆಗೋದೇ ಇಲ್ಲ ಅಂದ್ರೆ ಬಲ್ಬಿನ ವಾಲ್ವ್ ಹೋಗಿದೆ, ಇಲ್ಲಾ ಕಾರ್ಬ್ಯುರೇಟರ್ ಫ್ಲೋಟ್ ಸೂಜಿ ಕೂರ್ತಾ ಇಲ್ಲ, ಹಾಗಿದ್ರೆ ಪೆಟ್ರೋಲ್ ಹೊರಗೆ ಜಿನುಗ್ತಿರುತ್ತೆ. ಪೈಪ್ ಹಳೇದಾಗಿದ್ರೆ ಇಷ್ಟೆಲ್ಲಾ ಯೋಚನೆ ಮಾಡದೇ ಬದಲಾಯಿಸಿಬಿಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಒಳಗಿಂದ ಮೆತ್ತಗಾಗಿ ಸಿಪ್ಪೆ ಸುಲಿಯುತ್ತೆ, ಆ ಸಿಪ್ಪೆ ಹೋಗಿ ಕಾರ್ಬ್ಯುರೇಟರ್‌ನ ಜೆಟ್ಟಲ್ಲಿ (ಪೆಟ್ರೋಲ್ ಬರೋ ಸಣ್ಣ ತೂತು) ಕೂರುತ್ತೆ, ಹೊರಗಿಂದ ಪೈಪ್ ನೋಡೋಕೆ ಏನೂ ಆಗಿರಲ್ಲ.

ಇನ್ನೊಬ್ಬರು ಟ್ಯಾಂಕಿಂದ ಎರಡು ಪೈಪ್ ಬರುತ್ತೆ ಯಾಕೆ ಅಂತ ಕೇಳಿದಾರೆ. ಅದು 1950ರ ದಶಕದ ಪ್ರೆಶರ್ ಟ್ಯಾಂಕ್. ಇಂಜಿನ್ ಒಂದು ಪೈಪಲ್ಲಿ ಗಾಳಿ ತಳ್ಳುತ್ತೆ, ಆ ಒತ್ತಡಕ್ಕೆ ಇನ್ನೊಂದರಲ್ಲಿ ಪೆಟ್ರೋಲ್ ಬರುತ್ತೆ, ಪಂಪೇ ಇಲ್ಲ. ಎಪ್ಪತ್ತು ವರ್ಷ ಹಳೇ ಟ್ಯಾಂಕಲ್ಲಿ ಒತ್ತಡ ತುಂಬಿದ ಪೆಟ್ರೋಲನ್ನ ಕಾಲ ಹತ್ರ ಇಟ್ಕೊಂಡು ಕೂರೋದು ನನಗಂತೂ ಇಷ್ಟ ಇಲ್ಲ. ಫ್ಯೂಯೆಲ್ ಪಂಪ್ ಹಾಕಿ ಒಂದೇ ಪೈಪಿಗೆ ಬದಲಾಯಿಸಿಕೊಳ್ಳಬಹುದು, ಮಾಡ್ಕೊಳ್ಳಿ. ಅಲ್ಲಿವರೆಗೂ ಮುಚ್ಚಳ ತೆಗೆಯೋ ಮುಂಚೆ ಇಂಜಿನ್ ನಿಲ್ಲಿಸಿ ಒತ್ತಡ ಬಿಡಿಸಿ.

ಪ್ರಶ್ನೆ: ಚೋಕ್ ಅರ್ಧ ಎಳೆದಿಟ್ರೆ ಮಾತ್ರ ಓಡುತ್ತೆ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದಾಯ್ತು, ಪ್ರಯೋಜನ ಇಲ್ಲ.

ಉತ್ತರ: ಹೊರಗಿಂದ ಸ್ಪ್ರೇ ಹೊಡೆದ್ರೆ ಬಾಯಿ ತೊಳೆದಂಗೆ ಆಗುತ್ತೆ, ಹೊಟ್ಟೆ ಹಂಗೇ ಇರುತ್ತೆ. ಚೋಕ್ ಬೇಕು ಅಂದ್ರೆ ಪೆಟ್ರೋಲ್ ಕಡಿಮೆ ಬರ್ತಿದೆ ಅಂತ, ಜೆಟ್ಟಲ್ಲಿ ಹಳೇ ಪೆಟ್ರೋಲ್ ಒಣಗಿ ವಾರ್ನಿಶ್ ಆಗಿದೆ. ಬಿಚ್ಚಲೇಬೇಕು. ಇದನ್ನ ಹಾಗೇ ಓಡಿಸಬೇಡಿ ಕೂಡ, ಟೂ ಸ್ಟ್ರೋಕಲ್ಲಿ ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ, ಪೆಟ್ರೋಲ್ ಕಡಿಮೆ ಅಂದ್ರೆ ಆಯಿಲ್ಲೂ ಕಡಿಮೆ, ಜೊತೆಗೆ ಬಿಸಿ ಜಾಸ್ತಿ, ಪಿಸ್ಟನ್ ಹೋಗೋದು ಹೀಗೇ.

ಬಿಚ್ಚೋವಾಗ ಒಂದೊಂದು ಹಂತಕ್ಕೂ ಫೋಟೋ ತೆಗೆದಿಟ್ಕೊಳ್ಳಿ, ಲಿಂಕ್ ಕಡ್ಡಿ ಯಾವ ತೂತಲ್ಲಿತ್ತು ಅನ್ನೋದು ಸಂಜೆಗೆ ಮರೆತೇ ಹೋಗಿರುತ್ತೆ. ರಬ್ಬರ್, ಪ್ಲಾಸ್ಟಿಕ್ ಎಲ್ಲಾ ತೆಗೆದ ಮೇಲೆನೇ ಕ್ಲೀನರ್‌ನಲ್ಲಿ ನೆನೆಹಾಕಿ. ಹೈಸ್ಪೀಡ್ ಜೆಟ್ ಸಾಮಾನ್ಯವಾಗಿ ಬೌಲ್ ತಳದಲ್ಲಿ ಒಳಗಡೆ ಕೂತಿರುತ್ತೆ, ಡ್ರೈನ್ ಸ್ಕ್ರೂ ತೆಗೆದ್ರೆ ಹಿಂದೆ ಕಾಣುತ್ತೆ, ಅದಕ್ಕೆ ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ಬೇಕು, ಇಲ್ದಿದ್ರೆ ಹಿತ್ತಾಳೆ ಕಿತ್ತುಬರುತ್ತೆ. ತೂತಿಗೆ ಸ್ಟೀಲ್ ತಂತಿ ಹಾಕಿ ಕೆರೆಯಬೇಡಿ, ತೂತು ದೊಡ್ಡದಾದ್ರೆ ಅಳತೆನೇ ಹೋಯ್ತು. ನೆನೆಸೋದು, ಗಾಳಿ ಊದೋದು, ಬೆಳಕಿಗೆ ಹಿಡಿದು ನೋಡೋದು, ಇಷ್ಟೇ, ತಾಳ್ಮೆ ಕೆಲಸ. ಫ್ಲೋಟ್ ಕಾರ್ಕಿನದ್ದಾಗಿದ್ರೆ ಮೇಲಿನ ಲೇಪ ಹೋಗಿ ಪೆಟ್ರೋಲ್ ಹೀರಿ ಭಾರ ಆಗಿರುತ್ತೆ, ಹೊಸದು ಹಾಕಿ. ಕಾರ್ಬ್ಯುರೇಟರ್ ಬುಡಮೇಲು ಹಿಡಿದಾಗ ಫ್ಲೋಟ್ ಬೌಲ್ ಮುಖಕ್ಕೆ ಸಮವಾಗಿ ಮಲಗಬೇಕು, ಇದು ಬಹಳಷ್ಟು ಹಳೇ ಮೋಟಾರಿಗೆ ಸಾಕಾಗೋ ಲೆಕ್ಕ.

ಜೋಡಿಸಿದ ಮೇಲೆ ಸ್ಲೋ ಸ್ಪೀಡ್ ಸೂಜಿಯನ್ನ ಹಗುರವಾಗಿ ತಳಕ್ಕೆ ಮುಟ್ಟಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಇದು ಶುರು ಮಾಡೋ ಜಾಗ ಮಾತ್ರ, ಕೊನೇ ಹೊಂದಾಣಿಕೆ ಬೋಟು ನೀರಲ್ಲಿದ್ದು ಗೇರ್ ಹಾಕಿದಾಗಲೇ ಮಾಡಬೇಕು.

ಪ್ರಶ್ನೆ: ಹಿಂದಗಡೆ ಸಣ್ಣ ತೂತಿಂದ ಬರ್ತಿದ್ದ ನೀರು ನಿಂತಿದೆ. ಓಡಿಸಬಹುದಾ?

ಉತ್ತರ: ಓಡಿಸಬೇಡಿ. ಮೊದಲು ಆ ತೂತಿಗೆ ನೈಲಾನ್ ದಾರ ಹಾಕಿ ಚುಚ್ಚಿ, ಮರಳೋ ಹುಳದ ಗೂಡೋ ಇರಬಹುದು. ಆಗಲೂ ಬರಲಿಲ್ಲ ಅಂದ್ರೆ ಮೋಟಾರಿನ ಕಾಲಿನೊಳಗಿನ (ನೀರಿಗೆ ಇಳಿಯೋ ಉದ್ದ ಭಾಗ) ನೀರಿನ ಪಂಪು, ಅದರಲ್ಲಿರೋ ಇಂಪೆಲ್ಲರ್ ಅನ್ನೋ ರಬ್ಬರ್ ಚಕ್ರ. ನನ್ನ ಲೆಕ್ಕದಲ್ಲಿ ಹಳೇ ಮೋಟಾರುಗಳು ಗುಜರಿಗೆ ಹೋಗೋಕೆ ಕಬ್ಬಿಣ ಸವೆಯೋದು ಕಾರಣ ಅಲ್ಲ, ಅಂಗೈಯಗಲ ಕೂಡ ಇಲ್ಲದ ಈ ರಬ್ಬರ್ ಕಾರಣ. ಹಿಂದಿನ ಮಾಲೀಕರು ಬದಲಾಯಿಸಿದ್ರು ಅಂತ ಹೇಳಿದ್ರೂ ನಂಬಬೇಡಿ, ಹೊಸದು ಹಾಕಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ತಾ ಇರಿ. ನೀರಿಲ್ಲದೇ ಇಂಜಿನ್ ಸ್ಟಾರ್ಟ್ ಮಾಡಿ ಸುಮ್ನೆ ಸದ್ದು ಕೇಳೋದು ಬಹಳ ಜನರಿಗೆ ಅಭ್ಯಾಸ, ಇಂಪೆಲ್ಲರ್‌ಗೆ ನೀರೇ ಎಣ್ಣೆ, ಒಣಗಿದ್ದಾಗ ಅರ್ಧ ನಿಮಿಷ ತಿರುಗಿದ್ರೂ ಸುಟ್ಟುಕೊಳ್ಳಬಹುದು.

ಬದಲಾಯಿಸೋದು ಕಷ್ಟ ಇಲ್ಲ. ಪ್ಲಗ್ ವೈರ್ ಮೊದಲು ಕಳಚಿ. ಕೆಳಗಿನ ಗೇರ್ ಭಾಗ ಹಿಡಿದಿರೋ ಬೋಲ್ಟ್ ಬಿಚ್ಚಿ, ಗೇರ್ ಕಡ್ಡಿಯ ಜೋಡಣೆ ಬಿಡಿಸಿ, ಕೆಲವದರಲ್ಲಿ ಕಾಲಿನ ಪಕ್ಕದ ಸಣ್ಣ ಕಿಟಕಿ ಮುಚ್ಚಳ ತೆಗೆದ್ರೆ ಅದು ಸಿಗುತ್ತೆ, ಗೇರ್ ಯಾವ ಸ್ಥಾನದಲ್ಲಿತ್ತು ಅಂತ ಗುರುತು ಹಾಕಿಕೊಳ್ಳಿ. ನೇರ ಕೆಳಗೆ ಎಳೀರಿ. ಬರಲಿಲ್ಲ ಅಂದ್ರೆ ಎಲ್ಲೋ ಒಂದು ಬೋಲ್ಟ್ ಉಳಿದಿದೆ, ಆನೋಡ್ (ತುಕ್ಕು ತಡೆಯೋಕೆ ಹಾಕಿರೋ ಲೋಹದ ತುಂಡು) ಹಿಂದೆ ಇಲ್ಲಾ ಟ್ಯಾಬ್ ಒಳಗೆ ಒಂದು ಅಡಗಿರುತ್ತೆ, ಸ್ಕ್ರೂಡ್ರೈವರ್ ತುರುಕಿ ಮೀಟೋ ಮುಂಚೆ ಅದನ್ನ ಹುಡುಕಿ. ಪಂಪ್ ಮನೆ ತೆಗೆದಾಗ ಹಳೇ ಇಂಪೆಲ್ಲರ್‌ನ ರೆಕ್ಕೆ ಎಣಿಸಿ. ಒಂದು ಕಡಿಮೆ ಇದ್ರೂ ಆ ತುಂಡು ಮೇಲೆ ನೀರಿನ ದಾರೀಲಿ ಎಲ್ಲೋ ಕೂತಿದೆ ಅಂತ ಅರ್ಥ, ಅದನ್ನ ತೆಗೀದೇ ಹೊಸದು ಹಾಕಿದ್ರೆ ಮತ್ತೆ ಬಿಸಿಯಾಗುತ್ತೆ. ಮೇಲಿಂದ ನೀರು ಬಿಟ್ಟು ತೊಳೀರಿ, ಥರ್ಮೋಸ್ಟಾಟ್ ಕೂಡ ಬಿಚ್ಚಿ ಅಲ್ಲಿ ಸಿಕ್ಕಿದೆಯಾ ನೋಡಿ.

ಹೊಸದಕ್ಕೆ ಸೋಪು ನೀರು ಸವರಿ, ಸಣ್ಣ ಕೀ ಜಾಗದಲ್ಲಿದೆಯಾ ನೋಡಿ, ಡ್ರೈವ್ ಶಾಫ್ಟನ್ನ ಗಡಿಯಾರದ ದಿಕ್ಕಿಗೆ ತಿರುಗಿಸ್ತಾ ಪಂಪ್ ಮನೆಯನ್ನ ಕೆಳಗೆ ಒತ್ತಿ, ಆಗ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಶಾಫ್ಟಿನ ಹಲ್ಲುಗಳ ಪಕ್ಕಕ್ಕೆ ಗ್ರೀಸ್ ಹಚ್ಚಿ, ತುದಿಯ ಮೇಲೆ ಹಚ್ಚಬೇಡಿ, ಅಲ್ಲಿ ಗ್ರೀಸ್ ಸಿಕ್ಕಿಕೊಂಡು ಶಾಫ್ಟ್ ಪೂರ್ತಿ ಮೇಲೆ ಕೂರಕ್ಕೆ ಬಿಡಲ್ಲ.

ಒಂದು ಮಾತು, 1950-60ರ ಎಷ್ಟೋ ಮೋಟಾರಿಗೆ ಈ ನೀರು ತೋರಿಸೋ ತೂತೇ ಇರಲಿಲ್ಲ. ಅಂಥದ್ದಾಗಿದ್ರೆ ಹಿಂದೆ ಹೊಗೆ ತೂತಿಂದ ನೀರಿನ ತುಂತುರು ಬರ್ತಿದೆಯಾ ನೋಡಿ, ಹೆಡ್ ಮೇಲೆ ಒಂದು ಹನಿ ನೀರು ಬಿಡಿ. ಚುರ್ ಅಂದ್ರೆ ಆಫ್ ಮಾಡಿ.

ಪ್ರಶ್ನೆ: ಗೇರ್ ಆಯಿಲ್ ಬೆಳ್ಳಗೆ ಬಂತು.

ಉತ್ತರ: ನೀರು ಸೇರಿದೆ. ಹೋಗಿರೋದು ಪ್ರೊಪೆಲ್ಲರ್ ಶಾಫ್ಟಿನ ಸೀಲೇ ಇರಬೇಕು, ಮೀನಿನ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲ್ ಕೊಯ್ದಿರುತ್ತೆ, ಪ್ರೊಪೆಲ್ಲರ್ ತೆಗೆದು ನೋಡಿ. ಆದ್ರೆ ಅದಕ್ಕೂ ಮುಂಚೆ ಗೇರ್ ಆಯಿಲ್ ತೂತಿನ ಎರಡು ಸ್ಕ್ರೂಗಳ ವಾಷರ್ ಬದಲಾಯಿಸಿ ನೋಡಿ, ಅಷ್ಟಕ್ಕೇ ಸರಿಹೋಗೋದೂ ಉಂಟು. ತುಂಬೋದು ಯಾವಾಗಲೂ ಕೆಳಗಿನ ತೂತಿಂದ, ಮೇಲಿನ ತೂತಲ್ಲಿ ಗುಳ್ಳೆ ಇಲ್ಲದೇ ಆಯಿಲ್ ಹೊರಬರೋವರೆಗೂ. ಆಮೇಲೆ ಮೇಲಿನ ಸ್ಕ್ರೂ ಮೊದಲು ಹಾಕಿ, ಕೆಳಗಿಂದ ಟ್ಯೂಬ್ ತೆಗೆದು ತಕ್ಷಣ ಕೆಳಗಿನದು.

ಜಾನ್ಸನ್, ಎವಿನ್‌ರೂಡ್ ಇರೋರು ಇದನ್ನ ಎರಡು ಸಲ ಓದಿ: ಕೆಲವು ಮಾಡೆಲ್‌ಗಳಲ್ಲಿ ಆಯಿಲ್ ಸ್ಕ್ರೂ ಹತ್ತಿರಾನೇ ಪ್ಲಸ್ ತಲೆಯ ಇನ್ನೊಂದು ಸ್ಕ್ರೂ ಇರುತ್ತೆ, ಅದು ಒಳಗೆ ಗೇರ್ ಶಿಫ್ಟ್ ಹಿಡಿದಿರೋ ಸ್ಕ್ರೂ. ಅದನ್ನ ಬಿಚ್ಚಿದ್ರೆ ಒಳಗಿನ ಭಾಗ ಜಾರಿ ಗೇರ್ ಕೇಸ್ ಪೂರ್ತಿ ಬಿಚ್ಚೋ ಕೆಲಸ ಬರುತ್ತೆ. ಚಪ್ಪಟೆ ಗೀರಿನ ದೊಡ್ಡ ಸ್ಕ್ರೂ ಮಾತ್ರ ನಿಮ್ಮದು. ಮೋಟಾರು ಮೂಲೆಗಿಡೋ ಮುಂಚೆನೇ ಆಯಿಲ್ ಬದಲಾಯಿಸಿ, ಹಿಮ ಬೀಳೋ ಕಡೆಯಾದ್ರಂತೂ ಒಳಗಿನ ನೀರು ಗಟ್ಟಿಯಾಗಿ ಕೇಸೇ ಸೀಳುತ್ತೆ.

ಪ್ರಶ್ನೆ: ಪ್ರೊಪೆಲ್ಲರ್ ಹಿಡಿದಿರೋ ಶಿಯರ್ ಪಿನ್ ಪದೇ ಪದೇ ಮುರೀತಿದೆ, ಗಟ್ಟಿ ಮೊಳೆ ಹಾಕ್ಲಾ?

ಉತ್ತರ: ಬೇಡ. ಪಿನ್ ಮುರಿಯೋದಕ್ಕೇ ಇರೋದು, ಅದು ಉಳಿದ್ರೆ ಗೇರ್ ಮುರಿಯುತ್ತೆ. ನಾಲ್ಕು ಪಿನ್, ಒಂದು ಪ್ಲೈಯರ್ ಬೋಟಲ್ಲಿಡಿ.

ಪ್ರಶ್ನೆ: ಉಪ್ಪುನೀರಲ್ಲಿ ಓಡಿದ ಮೋಟಾರು. ಬೋಲ್ಟ್ ಅಲುಗಾಡ್ತಾ ಇಲ್ಲ, ಒಂದು ಆಗಲೇ ಮುರೀತು.

ಉತ್ತರ: ಅಲ್ಯೂಮಿನಿಯಂ ಒಳಗೆ ಸ್ಟೀಲ್ ಬೋಲ್ಟ್, ಮಧ್ಯೆ ಉಪ್ಪುನೀರು, ಅಲ್ಲಿ ಬೆಳೆಯೋ ಬಿಳೀ ಪುಡಿ ಸಿಮೆಂಟ್ ಆಗಿಬಿಡುತ್ತೆ. ಉಳಿದವಕ್ಕೆ ಬಲ ಹಾಕೋದು ನಿಲ್ಲಿಸಿ. ತುಕ್ಕು ಬಿಡಿಸೋ ಆಯಿಲ್ ಹಾಕಿ ಒಂದೆರಡು ದಿನ ಕಾಯಿರಿ, ಆಮೇಲೆ ಅದನ್ನ ಪೂರ್ತಿ ಒರೆಸಿ, ಪೆಟ್ರೋಲ್ ಟ್ಯಾಂಕ್, ಪೈಪು ದೂರ ಇಟ್ಟು ಬೋಲ್ಟ್ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ, ಅದು ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತೆ. ಮೊದಲು ಒಂದು ಕೂದಲೆಳೆ ಬಿಗಿ ಮಾಡೋ ಕಡೆ ತಿರುಗಿಸಿ, ಆಮೇಲೆ ಬಿಚ್ಚೋ ಕಡೆ, ಹಿಂದೆ ಮುಂದೆ. ವಾಪಸ್ ಹಾಕುವಾಗ ಎಲ್ಲಾ ಬೋಲ್ಟಿಗೂ ಆ್ಯಂಟಿಸೀಜ್ ಇಲ್ಲಾ ಮರೀನ್ ಗ್ರೀಸ್. ಉಪ್ಪುನೀರಿಂದ ಬಂದ ಪ್ರತಿ ಸಲ ಸಿಹಿನೀರಲ್ಲಿ ಫ್ಲಶ್ ಮಾಡಿ. ಆನೋಡಿಗೆ ಪೇಂಟ್ ಹೊಡೀಬೇಡಿ, ಅದು ತಾನು ಕರಗಿ ಮಿಕ್ಕಿದ್ದನ್ನ ಉಳಿಸೋಕೇ ಇರೋದು, ಚೆಂದ ಕಾಣಲಿ ಅಂತ ಬಳಿದ್ರೆ ಕೆಲಸಕ್ಕೆ ಬರಲ್ಲ.

ಪ್ರಶ್ನೆ: ಮೋಟಾರು ಕಳಚಿ ನೀರಿಗೆ ಬಿತ್ತು, ಎತ್ತಿದೀವಿ.

ಉತ್ತರ: ಈ ಉತ್ತರ ನಿಮಗೆ ತಲುಪೋ ಹೊತ್ತಿಗೆ ತಡ ಆಗಿರುತ್ತೆ, ಬೇರೆಯವರಿಗಾದ್ರೂ ಇರಲಿ. ನೀರಿಂದ ಎತ್ತಿ ಗಾಳಿ ತಾಗಿದ ಕ್ಷಣದಿಂದ ತುಕ್ಕು ಶುರು. ಅವತ್ತೇ ಕೆಲಸ ಮಾಡೋಕಾಗಲ್ಲ ಅಂದ್ರೆ ಹೊರಗೆ ಒಣಗಿಸಬೇಡಿ, ಸಿಹಿನೀರಿನ ಡ್ರಮ್ಮಲ್ಲಿ ಮುಳುಗಿಸಿಯೇ ಇಡಿ. ಓಡ್ತಾ ಇದ್ದಾಗ ಬಿದ್ದಿದ್ರೆ ಸಿಲಿಂಡರ್ ಒಳಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಕೈಯಲ್ಲಿ ತಿರುಗಿಸಿದಾಗ ಎಲ್ಲಾದ್ರೂ ತಡೆದ್ರೆ ಅಲ್ಲಿಗೆ ನಿಲ್ಲಿಸಿ, ಇಂಜಿನ್ ಬಿಚ್ಚಲೇಬೇಕು. ತಡೆಯಲಿಲ್ಲ ಅಂದ್ರೆ ಸಿಹಿನೀರಲ್ಲಿ ತೊಳೆದು, ಪ್ಲಗ್ ತೂತು ಕೆಳಮುಖ ಮಾಡಿ ನೀರು ಬಸಿದು, ಕಾರ್ಬ್ಯುರೇಟರ್ ಖಾಲಿ ಮಾಡಿ, ಸ್ಪಿರಿಟ್ ಹಾಕಿ ತಿರುಗಿಸಿ, ಆಮೇಲೆ ಆಯಿಲ್, ಆಮೇಲೆ ಸ್ಟಾರ್ಟ್ ಮಾಡಿ ಅರ್ಧ ಗಂಟೆಯಾದ್ರೂ ಓಡಿಸಿ, ಒಳಗಿನ ತೇವ ಬಿಸಿಗೇ ಹೋಗಬೇಕು.

ಪ್ರಶ್ನೆ: ನನ್ನ ಎವಿನ್‌ರೂಡ್ ಯಾವ ವರ್ಷದ್ದು ಗೊತ್ತಿಲ್ಲ. ಪಾರ್ಟ್ ಸಿಗುತ್ತಾ?

ಉತ್ತರ: ಬೋಟಿಗೆ ಬಿಗಿಯೋ ಬ್ರ್ಯಾಕೆಟ್ ಮೇಲೆ ಮಾಡೆಲ್ ನಂಬರ್ ಪ್ಲೇಟ್ ಇರುತ್ತೆ. 1980ರಿಂದ ಈಚಿನ ಜಾನ್ಸನ್, ಎವಿನ್‌ರೂಡ್‌ಗಳಲ್ಲಿ ವರ್ಷ ಅಕ್ಷರಗಳಲ್ಲಿ ಅಡಗಿದೆ: ಐ 1, ಎನ್ 2, ಟಿ 3, ಆರ್ 4, ಒ 5, ಡಿ 6, ಯು 7, ಸಿ 8, ಇ 9, ಎಸ್ 0. ನಂಬರಿನ ಕೊನೆ ಕಡೆ ಸಿ, ಒ ಅಂತ ಜೋಡಿ ಬಂದ್ರೆ 85, ಅಂದ್ರೆ 1985ರ ಮೋಟಾರು. ಇದಾದ ಮೇಲೆ ಇನ್ನೊಂದು ಅಕ್ಷರ ಬಾಲ ಇರಬಹುದು, ಅದು ವರ್ಷಕ್ಕೆ ಸೇರಲ್ಲ.

ಮಾಡ್ತಿದ್ದ ಓಎಂಸಿ ಕಂಪನಿ 2000ದ ಡಿಸೆಂಬರಲ್ಲಿ ದಿವಾಳಿ ಆಯ್ತು, ಆಮೇಲೆ ತಗೊಂಡ ಬಿಆರ್‌ಪಿ ಕೂಡ 2020ರಲ್ಲಿ ಎವಿನ್‌ರೂಡ್ ಔಟ್‌ಬೋರ್ಡ್ ತಯಾರಿ ನಿಲ್ಲಿಸ್ತು. ಹಾಗಂತ ಗಾಬರಿ ಬೇಡ, ಒಂದೇ ಇಂಜಿನ್ನನ್ನ ವರ್ಷಗಟ್ಟಲೆ ಎರಡೂ ಹೆಸರಲ್ಲಿ ಮಾರಿದಾರೆ, ಜಾನ್ಸನ್ ಪಾರ್ಟ್ ಎವಿನ್‌ರೂಡ್‌ಗೆ ಕೂರುತ್ತೆ, ಇಂಪೆಲ್ಲರ್, ಪಾಯಿಂಟ್, ಕಾರ್ಬ್ಯುರೇಟರ್ ಕಿಟ್ ಇವನ್ನ ಬೇರೆ ಕಂಪನಿಗಳು ಈಗಲೂ ಮಾಡ್ತಿವೆ. ಸಿಗೋದು ಕಷ್ಟ ಆಗೋದು ಗೇರ್ ಮತ್ತೆ ಕೇಸಿಂಗ್. ತಗೊಳ್ಳೋ ಮುಂಚೆ ಗೇರ್ ಆಯಿಲ್ ಸ್ಕ್ರೂ ಒಂಚೂರು ಸಡಿಲ ಮಾಡಿ ಎರಡು ಹನಿ ಬೆರಳಿಗೆ ತಗೊಂಡು ನೋಡಿ, ಮಿನುಗೋ ಲೋಹದ ಚೂರು ಸಿಕ್ರೆ ಆ ಮೋಟಾರು ಬಿಟ್ಟುಬಿಡಿ.